ಮೇಕೆ ಕೂದಲಿನ ಬುರುಸು

ಹೊಸೂರಿನ ಒಂದು ಕಾರ್ಖಾನೆಯಲ್ಲಿ ತಗಡಿಗೆ ಫೋಟೋ ಮದ್ದು ಬಳಿಯುವ ಕೆಲಸ ಮಾಡಿ ನಿವೃತ್ತಳಾದವಳು ನಾನು. ಹೆಸರು ಮುನಿರತ್ನಮ್ಮ, ಊರು ಗುಮ್ಮಳಾಪುರ. ಬಳಿಯುವ ಕೆಲಸ ಎಂದ ಕೂಡಲೇ ಹಬ್ಬಕ್ಕೆ ಗೋಡೆಗೆ ಸುಣ್ಣ ಬಳಿಯುವುದನ್ನು ನೆನೆದು ನಗುವವರಿದ್ದಾರೆ. ನನ್ನ ತಂಗಿಯ ಮಗಳೇ ನಕ್ಕಳು. ಅವಳೀಗ ಸೂಳಗಿರಿ ಕಡೆಯ ಒಂದು ಕಾರ್ಖಾನೆಗೆ ಸೇರಿದ್ದಾಳೆ. ಅವಳಿಗೂ ಅವಳಂತೆ ಹೊಸದಾಗಿ ಕೆಲಸಕ್ಕೆ ಸೇರುವವರಿಗೂ ಗೊತ್ತಿರಲಿ ಎಂದು ಇದನ್ನು ಬರೆಯುತ್ತಿದ್ದೇನೆ. ಯಾವಾಗ ಬಡ್ತಿ ಸಿಕ್ಕಿತು, ಬೀಳ್ಕೊಡುವಾಗ ಯಾರು ಏನು ಭಾಷಣ ಮಾಡಿದರು ಎಂಬುದೆಲ್ಲ ಇಲ್ಲಿ ಬೇಡ. ಅದರಲ್ಲಿ ನನಗೇ ಆಸಕ್ತಿಯಿಲ್ಲ.

ಎಪ್ಪತ್ತರ ದಶಕದ ಕೊನೆಯ ಮಾತು. ಹೊಸೂರಿನ ಸುತ್ತ ರಾಗಿ ಹೊಲಗಳಿದ್ದ ಕಡೆ ಒಂದೊಂದೇ ಶೆಡ್ಡು ಏಳುತ್ತಿತ್ತು. ನಮ್ಮ ಕಾರ್ಖಾನೆಯವರು ಬಸ್ಸಿನ ಬಾಡಿ ಕಟ್ಟುವವರಿಗೆ ಅಳತೆಯ ತಗಡು ಮಾಡಿಕೊಡುತ್ತಿದ್ದರು. ಕಾಗದದ ಮೇಲಿನ ದೊಡ್ಡ ಡ್ರಾಯಿಂಗನ್ನು ಕೈಯಿಂದ ತಗಡಿಗೆ ಇಳಿಸಿದರೆ ಎಲ್ಲೋ ಒಂದು ಕಡೆ ಕೂದಲೆಳೆಯಷ್ಟು ತಪ್ಪೇ ತಪ್ಪುತ್ತದೆ. ಹಾಗಾಗಿ ಬಿಳಿ ಬಣ್ಣ ಹೊಡೆದ ತಗಡಿಗೆ ಕತ್ತಲೆ ಕೋಣೆಯಲ್ಲಿ ಫೋಟೋ ಮದ್ದು ಬಳಿದು ಒಣಗಿಸಿ, ಅದರ ಮೇಲೆ ಡ್ರಾಯಿಂಗಿನ ಬೆಳಕು ಬಿಟ್ಟು ತೊಳೆಯುತ್ತಿದ್ದೆವು. ಗೆರೆಗಳೆಲ್ಲ ತಗಡಿನ ಮೇಲೇ ಮೂಡುತ್ತಿದ್ದವು. ಟೂಲ್ ರೂಮಿನವರು ಆ ಗೆರೆ ಹಿಡಿದು ಕುಯ್ಯುತ್ತಿದ್ದರು. ದೊಡ್ಡ ಕಂಪನಿಗಳಲ್ಲಿ ಮದ್ದು ಸಿಂಪಡಿಸುವ ಯಂತ್ರ ಇತ್ತಂತೆ. ನಮ್ಮಲ್ಲಿ ಇದ್ದದ್ದು ನಾಲ್ಕು ಹೆಂಗಸರು.

ಮದ್ದು ಎಂದರೆ ಬೆಳ್ಳಿಯ ಉಪ್ಪು ಬೆರೆಸಿದ ಒಂದು ಥರದ ಅಂಟು. ತಣ್ಣಗಿದ್ದಾಗ ಗಟ್ಟಿ, ಬಿಸಿನೀರಿನಲ್ಲಿ ಪಾತ್ರೆ ಇಟ್ಟರೆ ಕರಗಿ ತೆಳ್ಳಗಿನ ಗಂಜಿಯಾಗುತ್ತದೆ. ಅದು ಮತ್ತೆ ಗಟ್ಟಿಯಾಗುವುದರೊಳಗೆ ಆಳೆತ್ತರದ ತಗಡಿಗೆ ಅಡ್ಡಡ್ಡ ಒಂದು ಸಲ, ಉದ್ದುದ್ದ ಒಂದು ಸಲ ಬಳಿದು ಕೈ ಎತ್ತಿಬಿಡಬೇಕು. ಮೂರನೆಯ ಸಲ ಮುಟ್ಟಿದರೆ ಕೆಟ್ಟಿತು ಎಂದೇ ಲೆಕ್ಕ. ಇಷ್ಟನ್ನೂ ಒಂದು ಮಬ್ಬು ಕೆಂಪು ದೀಪದಲ್ಲಿ ಮಾಡಬೇಕು. ಬಿಳಿ ಬೆಳಕು ಒಂದು ಗಳಿಗೆ ಬಿದ್ದರೂ ಮದ್ದು ಕಪ್ಪಾಗುತ್ತದೆ.

ನಮ್ಮ ಮೇಲಿನವರು ವರದನ್ ಸಾರ್. ಮದರಾಸಿನ ಕಡೆಯವರು, ಕೆಮಿಸ್ಟ್ರಿ ಓದಿದವರು. ತಮಿಳನ್ನೂ ಕನ್ನಡವನ್ನೂ ಕಲೆಸಿ ಮಾತಾಡುತ್ತಿದ್ದರು. ಕೋಪ ಬಂದರೆ ಬರೀ ತಮಿಳು. ಅವರು ಯಾವ ಭಾಷೆಯಲ್ಲಿದ್ದಾರೆ ಎಂದು ಬಾಗಿಲ ಹೊರಗೆ ನಿಂತು ಕೇಳಿಸಿಕೊಂಡೇ ನಾವು ಒಳಗೆ ಹೋಗುತ್ತಿದ್ದೆವು.

ನನ್ನ ಮೊದಲ ಎಡವಟ್ಟು ಸೇರಿದ ವಾರದಲ್ಲೇ ಆಯಿತು. ಕೊಟ್ಟ ಬುರುಸು ಸವೆದಿತ್ತು. ನಾನು ಜಾಣೆಯಂತೆ ಬಸ್ ಸ್ಟ್ಯಾಂಡಿನ ಹತ್ತಿರದ ಬಣ್ಣದ ಅಂಗಡಿಯಿಂದ ಹೊಸದೊಂದು ತಂದೆ. ಕೂದಲು ದಟ್ಟವಾಗಿತ್ತು, ಹಿಡಿ ನುಣುಪಾಗಿತ್ತು, ಕೂದಲು ಕಚ್ಚಿದ ಕಡೆ ಥಳಥಳ ಹೊಳೆಯುವ ತಗಡಿನ ಪಟ್ಟಿ. ತೊಳೆದು ತೆಗೆದಾಗ ನನ್ನ ತಗಡಿನ ಹಾಳೆಯ ತುಂಬ ಸಾಸಿವೆ ಚೆಲ್ಲಿದಂತೆ ಕಪ್ಪು ಚುಕ್ಕೆಗಳು.

“ಬೆಳ್ಳಿಗೂ ಕಬ್ಬಿಣಕ್ಕೂ ಆಗಲ್ಲಮ್ಮಾ” ಎಂದರು ವರದನ್ ಸಾರ್. ಅದೃಷ್ಟಕ್ಕೆ ಅವತ್ತು ಕನ್ನಡದಲ್ಲಿದ್ದರು. “ಮದ್ದಲ್ಲಿ ಇರೋದು ಬೆಳ್ಳಿ. ಹಾಳೆಗೆ ಬಣ್ಣದ ಮುಸುಕಿದೆ, ನಿನ್ ಬ್ರಷ್ ಕುತ್ತಿಗೇಲಿ ಇರೋದು ಬರೀ ತಗಡು. ಎರಡೂ ಸೇರಿದ್ರೆ ಸಂಡೈ, ಜಗಳ! ಲೋಹ ಇರೋ ಬ್ರಷ್ ಈ ರೂಮೊಳಗೆ ಬರಕೂಡದು.”

ಆಮೇಲೆ ಹಂದಿ ಕೂದಲಿನ ಬುರುಸು ಬಂತು. ಮರದ ಹಿಡಿ, ನೂಲಿನ ಕಟ್ಟು. ಚುಕ್ಕೆ ಬೀಳಲಿಲ್ಲ, ಆದರೆ ಕೂದಲು ಬಿರುಸಾಗಿದ್ದು ನೇಗಿಲ ಸಾಲಿನಂತೆ ಗೀರುಗಳು ಉಳಿಯುತ್ತಿದ್ದವು. ಮೇಲಾಗಿ ಉದುರುತ್ತಿತ್ತು. ಒಂದು ಸಲ ಬಿಳಿ ಕೂದಲೊಂದು ಮದ್ದಿನೊಳಗೆ ಸೇರಿ ಒಣಗಿ ಹೋಯಿತು. ಬಿಳಿ ತಗಡು, ಬಿಳಿ ಕೂದಲು, ಮೇಲೆ ಕೆಂಪು ದೀಪ, ಯಾರ ಕಣ್ಣಿಗೆ ಬೀಳಬೇಕು? ತೊಳೆದ ಮೇಲೆ ಅದೂ ಒಂದು ಗೆರೆಯಾಗಿ, ಡ್ರಾಯಿಂಗಿನಲ್ಲಿದ್ದ ಬಸ್ಸಿನ ಕಿಟಕಿಯ ಮೂಲೆಯಲ್ಲಿ ಚೆಂದಕ್ಕೆ ಬಾಗಿ ಕೂತಿತ್ತು. ಟೂಲ್ ರೂಮಿನ ತಿಮ್ಮರಾಯಣ್ಣ ಅದನ್ನೂ ಡ್ರಾಯಿಂಗಿನ ಗೆರೆ ಎಂದೇ ತಿಳಿದು ಶ್ರದ್ಧೆಯಿಂದ ಕುಯ್ದುಬಿಟ್ಟ.

ವಿಚಾರಣೆಯಾದಾಗ ಅವನು ಸ್ವಲ್ಪವೂ ಅಳುಕಲಿಲ್ಲ. “ಗೆರೆ ಇತ್ತು, ಕುಯ್ದೆ. ನೀನ್ಯಾರ ಮನೆ ಗೆರೆ ಅಂತ ಕೇಳಾಕಾಯ್ತದಾ ಸಾರ್?” ಎಂದ. ಆಮೇಲೆ ತನ್ನ ಜೊತೆಗಾರನ ಕಡೆ ತಿರುಗಿ, “ನೋಡ್ಲಾ, ಒಂದ್ ಹಂದಿ ಕೂದ್ಲಿಗೆ ಬಸ್ಸಿನ ಕಿಟಕೀನೆ ಸೊಟ್ಟಗಾಗೋಯ್ತು ಕಣ್ಲಾ” ಎಂದು ಎಲ್ಲರನ್ನೂ ನಗಿಸಿದ. ನನಗೆ ಮಾತ್ರ ನಗು ಬರಲಿಲ್ಲ. ಆ ಹಾಳೆ ಬಳಿದವಳು ನಾನು.

ಆ ಭಾನುವಾರ ಊರಲ್ಲಿ ಅಪ್ಪ ಮೇಕೆ ಹೊಡೆದುಕೊಂಡು ಬರುವಾಗ ನಾನು ಒಂದು ಕರೀ ಮೇಕೆಯ ತೊಡೆಯ ಹಿಂಬದಿಯ ಕೂದಲನ್ನು ಬೆರಳಲ್ಲಿ ಹಿಡಿದು ನೋಡಿದೆ. ಉದ್ದ, ಮೆತ್ತಗೆ, ತುದಿ ಸಣ್ಣ. ಕಪ್ಪು ಕೂದಲಾದ್ದರಿಂದ ಬಿಳಿ ತಗಡಿನ ಮೇಲೆ ಉದುರಿದರೆ ಎಂಥ ಮಬ್ಬಿನಲ್ಲೂ ಕಾಣುತ್ತದೆ, ಮದ್ದು ಹಸಿಯಿರುವಾಗಲೇ ಎತ್ತಬಹುದು.

“ಕೂದ್ಲು ಯಾಕಮ್ಮಿ ನಿಂಗೆ? ಕಾರ್ಖಾನೇಲಿ ಕಂಬ್ಳಿ ನೇಯ್ತೀರಾ?” ಎಂದ ಅಪ್ಪ.

“ಬಸ್ ಮಾಡ್ತೀವಪ್ಪ” ಎಂದೆ.

“ಮೇಕೆ ಕೂದ್ಲಲ್ಲಿ ಬಸ್ಸಾ! ಹಂಗಾದ್ರೆ ಹಗ್ಗ ಹಾಕಿ ಎಳ್ಕೊಂಡೋಗ್ಬೇಕೇನೋ” ಎಂದು ಅಪ್ಪ ಊರಿಗೆಲ್ಲ ಹೇಳಿಕೊಂಡು ತಿರುಗಿದ.

ಬಿದಿರಿನ ಎರಡು ಪಟ್ಟಿಗಳ ನಡುವೆ ಕೂದಲು ಹರಡಿ, ಮೇಣ ತಿಕ್ಕಿದ ನೂಲಿನಿಂದ ಹೊಲಿದು ನಾನೇ ಒಂದು ಬುರುಸು ಕಟ್ಟಿದೆ. ತುದಿ ಸಮವಾಗಿ ಕಾಣಲಿ ಎಂದು ಕತ್ತರಿ ಹಿಡಿದು ನೀಟಾಗಿ ಕತ್ತರಿಸಿದೆ. ಅದೇ ಎರಡನೆಯ ಎಡವಟ್ಟು. ಕತ್ತರಿಸಿದ ಕೂದಲಿನ ತುದಿ ಮೊಂಡು, ಮೊಂಡು ತುದಿ ಗೀರು ಎಳೆಯುತ್ತದೆ. ಎರಡನೆಯ ಬುರುಸಿಗೆ ಹುಟ್ಟಿನ ತುದಿಯನ್ನು ಹಾಗೇ ಮುಂದಕ್ಕೆ ಬಿಟ್ಟು, ಹೆಚ್ಚುಕಮ್ಮಿ ಉದ್ದವನ್ನು ಬುಡದ ಕಡೆ ಸರಿಮಾಡಿ ಕಟ್ಟಿದೆ. ನೋಡುವುದಕ್ಕೆ ತಲೆ ಬಾಚದ ಹುಡುಗಿಯಂತಿತ್ತು. ಹಾಳೆ ಮಾತ್ರ ಕೆನೆ ಕಟ್ಟಿದಂತೆ ನುಣ್ಣಗೆ ಬಂತು. ವರದನ್ ಸಾರ್ ಅದನ್ನು ಬೆಳಕಿಗೆ ಓರೆಯಾಗಿ ಹಿಡಿದು ಎರಡು ನಿಮಿಷ ನೋಡಿ, “ಇನ್ಮೇಲೆ ಇದೇ” ಎಂದರು. ಅಂದಿನಿಂದ ಅದಕ್ಕೆ ಮುನಿರತ್ನ ಬ್ರಷ್ ಎಂದೇ ಹೆಸರಾಯಿತು. ಮುಚ್ಚಿಡುವುದೇಕೆ, ನಾನು ಉಬ್ಬಿಹೋದೆ.

ಬುರುಸು ಆರಿಸುವುದು ಹೇಗೆ ಎಂದು ಈಗಲೂ ಕೇಳಿದರೆ ಹೇಳುತ್ತೇನೆ. ಒಣಗಿದ್ದಾಗ ಕೂದಲನ್ನು ಚಿವುಟಿ ಎಳೆಯಿರಿ, ಒಂದೇ ಒಂದು ಎಳೆ ಬಂದರೂ ಪಕ್ಕಕ್ಕಿಡಿ. ಕೆನ್ನೆಗೆ ಸವರಿ ನೋಡಿ, ಚುಚ್ಚಿದರೆ ಬೇಡ. ನೀರಲ್ಲಿ ಅದ್ದಿ ಕೊಡವಿದಾಗ ತುದಿಗಳು ಒಂದಕ್ಕೊಂದು ಕೂಡಿಕೊಳ್ಳಬೇಕು, ಎರಡು ಬಣವಾಗಿ ಒಡೆದುಕೊಂಡರೆ ಕಟ್ಟು ಸರಿಯಿಲ್ಲ. ಮೂಗಿಗೆ ಹಿಡಿದು ನೋಡಿ, ಮೇಕೆ ವಾಸನೆ ಇನ್ನೂ ಇದ್ದರೆ ಜಿಡ್ಡು ಹೋಗಿಲ್ಲ ಎಂದರ್ಥ. ಎಂಬತ್ತರ ದಶಕದ ಕೊನೆಗೆ ನಮ್ಮಲ್ಲೂ ಸಿಂಪಡಿಸುವ ಯಂತ್ರ ಬಂತು, ಆಮೇಲೆ ಮದ್ದು ಬಳಿದೇ ಬರುವ ಹಾಳೆಗಳು ಬಂದವು. ಬರಲಿ, ಕೆಲಸ ಹಗುರಾಯಿತು. ಆದರೆ ಅಷ್ಟು ವರ್ಷ ನಾವು ಕೈಯಲ್ಲಿ ಬಳಿದ ಹಾಳೆಗಳ ಅಳತೆ ಹಿಡಿದು ಕಟ್ಟಿದ ಬಸ್ಸುಗಳು ಕೃಷ್ಣಗಿರಿ ಘಾಟಿ ಹತ್ತಿ ಇಳಿದಿವೆ.

ಈಗ ನಾನು ಹೇಳಲೇಬೇಕಾದ ಸಂಗತಿಗೆ ಬರುತ್ತೇನೆ. ಇದರಲ್ಲಿ ನನ್ನ ಹೆಚ್ಚುಗಾರಿಕೆ ಏನೂ ಇಲ್ಲ.

ಕೋಣೆಯಲ್ಲಿ ಬುರುಸು, ಪಾತ್ರೆ ತೊಳೆಯುವುದಕ್ಕೆ ನಾಗವೇಣಿ ಎಂಬುವಳಿದ್ದಳು. ಸೂಳಗಿರಿಯವಳು, ನನಗಿಂತ ನಾಲ್ಕೈದು ವರ್ಷ ಚಿಕ್ಕವಳು, ಮನೆಮಾತು ತೆಲುಗು. ನಾನು ಮೇಕೆ ಕೂದಲಿನ ಬುರುಸು ಕಟ್ಟುವ ಮೊದಲಿನಿಂದಲೂ ಅಲ್ಲಿದ್ದಳು, ಆದರೂ ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಆ ತಿಂಗಳು ಕಳೆದರೆ ಆಗುವುದಿತ್ತು. ಗಂಡನಿಗೆ ಮೈಯಲ್ಲಿ ಹುಷಾರಿರಲಿಲ್ಲ, ಮನೆ ನಡೆಯುತ್ತಿದ್ದದ್ದು ಅವಳ ದುಡಿಮೆಯಲ್ಲೇ.

ಅದು ಆಯುಧಪೂಜೆಯ ಸಮಯ. ಕಾರ್ಖಾನೆಯಲ್ಲಿ ಲೇತಿಗೆ, ಕತ್ತರಿಗೆ, ಸುತ್ತಿಗೆಗೆ, ಸಾಹೇಬರ ಜೀಪಿಗೆ ಎಲ್ಲಕ್ಕೂ ಪೂಜೆ. “ಬ್ರಷ್ ಮಾತ್ರ ತರಬೇಡಿ, ದೇವರು ಕೋಪ ಮಾಡ್ಕೊಳಲ್ಲ” ಎಂದು ವರದನ್ ಸಾರ್ ಮೊದಲೇ ಹೇಳಿದ್ದರು. ನನಗೆ ಸರಿಬರಲಿಲ್ಲ. ತಿಮ್ಮರಾಯಣ್ಣನ ಅರಕ್ಕೆ ಪೂಜೆ, ನನ್ನ ಬುರುಸಿಗೆ ಇಲ್ಲವೇ? ಎಲ್ಲರೂ ಪ್ರಸಾದಕ್ಕೆ ಹೋದಾಗ ನಾನೊಬ್ಬಳೇ ಕೋಣೆಗೆ ಹೋಗಿ, ಇದ್ದ ಬುರುಸುಗಳ ಬಿದಿರು ಹಿಡಿಗೆಲ್ಲ ನೀರಲ್ಲಿ ಕಲೆಸಿದ ಕುಂಕುಮದ ಬೊಟ್ಟಿಟ್ಟು ಕೈಮುಗಿದು ಬಂದೆ.

ರಜೆ ಮುಗಿದು ಬಂದ ದಿನ ಒಂದು ದೊಡ್ಡ ಕೆಲಸ ಕಾದಿತ್ತು. ಒಂದು ಹೊಸ ಮಾದರಿಯ ಬಸ್ಸಿನ ಇಡೀ ಬಾಡಿಯ ಹಾಳೆಗಳು. ವಾರದ ಕೊನೆಗೆ ಹೆಡ್ ಆಫೀಸಿನಿಂದ ದೊಡ್ಡ ಸಾಹೇಬರು ಬಂದು ನೋಡುವವರಿದ್ದರು. ಕೈಯಲ್ಲಿ ಬಳಿಯುವುದನ್ನು ಇಟ್ಟುಕೊಳ್ಳಬೇಕೋ, ಕೆಲಸವನ್ನು ಹೊರಗೆ ಕೊಟ್ಟು ನಮ್ಮ ಕೋಣೆ ಮುಚ್ಚಬೇಕೋ ಎಂದು ಅವರೇ ತೀರ್ಮಾನ ಮಾಡುವುದಿತ್ತು. ನಾವು ಬೆಳಿಗ್ಗೆಯೇ ಶುರುಮಾಡಿದೆವು. ಕೆಂಪು ದೀಪದಲ್ಲಿ ಕೆಂಪು ಬೊಟ್ಟು ಕಾಣುವುದಿಲ್ಲ. ನನ್ನ ಬೆವರಿಗೋ ಬಿಸಿ ಮದ್ದಿನ ಹಬೆಗೋ ಅದು ಕರಗಿ, ಹಿಡಿಯಿಂದ ಕೂದಲಿಗೆ, ಕೂದಲಿನಿಂದ ಹಾಳೆಗೆ ಇಳಿದದ್ದು ಯಾರಿಗೂ ತಿಳಿಯಲಿಲ್ಲ. ತೊಳೆದು ಬೆಳಕಿಗೆ ತಂದಾಗ ಹಾಳೆಗಳ ತುಂಬ ಕಂದು ಕಲೆ.

ವರದನ್ ಸಾರ್ ಬಂದರು. ಪೂರಾ ತಮಿಳಿನಲ್ಲಿದ್ದರು. ಬಿಸಿಗಾಳಿ ಎಳೆಯುವ ಫ್ಯಾನು ಭರ್ರೆನ್ನುತ್ತಿತ್ತು. “ಬ್ರಷ್‌ಗೆ ಯಾರು ಏನ್ ಹಾಕಿದ್ದು?” ಎಂದು ತಮಿಳಿನಲ್ಲೇ ಕೂಗಿದರು.

ಬುರುಸು ತೊಳೆಯುವವಳು ತಾನಲ್ಲವೇ ಎಂದು ನಾಗವೇಣಿ ಮುಂದೆ ಬಂದಳು. “ನಾನೇ ಸಾರ್. ಕುಂಕುಡು.”

“ಕುಂಕುಮಮಾ?”

“ಆಮಾ ಸಾರ್, ಹೌದು” ಎಂದಳು, ಅವರು ತನ್ನ ಮಾತನ್ನೇ ತಿರುಗಿ ಹೇಳಿದರೆಂದು ತಿಳಿದು.

ಕುಂಕುಡು ಎಂದರೆ ತೆಲುಗಿನಲ್ಲಿ ಅಂಟುವಾಳದ ಕಾಯಿ. ನಮ್ಮ ಕಡೆ ಎಮ್ಮೆ ಕಾಯುವವರಿಗೂ ಇದು ಗೊತ್ತು. ನನಗೂ ಗೊತ್ತಿತ್ತು. ಆ ಫ್ಯಾನಿನ ಸದ್ದಿನಲ್ಲೂ ನನಗೆ ಸರಿಯಾಗೇ ಕೇಳಿಸಿತ್ತು. ವರದನ್ ಸಾರಿಗೆ ಏನು ಕೇಳಿಸಿತು ಎಂಬುದೂ ತಿಳಿಯಿತು. ಕುಂಕುಮ ಇಟ್ಟವಳು ಯಾರು ಎಂಬುದಂತೂ ಮೊದಲೇ ಗೊತ್ತಿತ್ತು. ಮೂರೂ ಗೊತ್ತಿದ್ದು ನಾನು ಬಾಯಿ ಬಿಡಲಿಲ್ಲ. ಗೋಡೆ ನೋಡುತ್ತ ನಿಂತೆ.

“ಪ್ಯಾಕಿಂಗ್‌ಗೆ ಹೋಗು. ತಿಂಗಳ ಕೊನೆಗೆ ನೋಡೋಣ” ಎಂದರು ಅವರು. ತಿಂಗಳ ಕೊನೆಗೆ ನೋಡೋಣ ಎಂದರೆ ಏನೆಂದು ಅಲ್ಲಿದ್ದ ಎಲ್ಲರಿಗೂ ಅರ್ಥವಾಯಿತು. ನಾಗವೇಣಿ ತನ್ನ ಅಂಟುವಾಳದಿಂದಲೇ ಕಲೆ ಬಿತ್ತೆಂದು ನಂಬಿ, ತಲೆ ತಗ್ಗಿಸಿಕೊಂಡು, ಟಿಫನ್ ಕ್ಯಾರಿಯರ್ ಎತ್ತಿಕೊಂಡು ಹೋದಳು.

ಬುರುಸುಗಳನ್ನೆಲ್ಲ ಸೋಪಿನ ಪುಡಿಯಲ್ಲಿ ತೊಳೆದು, ಶುದ್ಧ ನೀರಿನಲ್ಲಿ ಹತ್ತು ಸಲ ಜಾಲಾಡಿಸಲು ಹೇಳಿದರು. ನಾನೇ ತೊಳೆದೆ. ಮಾರನೆಯ ದಿನ ಕಂದು ಕಲೆ ಇರಲಿಲ್ಲ. ಅದಕ್ಕಿಂತ ದೊಡ್ಡ ಕಾಟ ಶುರುವಾಯಿತು. ಬಳಿದ ಮದ್ದು ಅಲ್ಲಲ್ಲಿ ಹಿಂದೆ ಸರಿದು ದುಂಡಗೆ ಬರಿದಾಗತೊಡಗಿತು. ಇದಕ್ಕೆ ನಾವು ಕಣ್ಣು ಬಿಡುವುದು ಎನ್ನುತ್ತಿದ್ದೆವು. ಹಾಳೆಯ ತುಂಬ ಕಣ್ಣುಗಳು. ಬುರುಸು ಬದಲಿಸಿದೆ, ಹೊಸದು ಕಟ್ಟಿದೆ, ಮದ್ದು ಇನ್ನಷ್ಟು ಬಿಸಿ ಮಾಡಿದೆ. ಎರಡು ದಿನ ಹೀಗೇ ಹೋಯಿತು. ನನ್ನ ಹೆಸರಿನ ಬುರುಸು ನನ್ನ ಕೈಯಲ್ಲೇ ಮಾತು ಕೇಳುತ್ತಿರಲಿಲ್ಲ. ಅಷ್ಟೂ ಕಣ್ಣುಗಳು ನನ್ನನ್ನೇ ನೋಡುತ್ತಿವೆ ಅನ್ನಿಸುತ್ತಿತ್ತು.

ಮೂರನೆಯ ದಿನ ಊಟದ ಹೊತ್ತಿಗೆ ಪ್ಯಾಕಿಂಗಿಗೆ ಹೋದೆ. ನಾಗವೇಣಿ ರಟ್ಟಿನ ಡಬ್ಬಗಳ ನಡುವೆ ಮುದ್ದೆ ಮುರಿಯುತ್ತ ಕೂತಿದ್ದಳು.

“ಬುರುಸು ಹೆಂಗ್ ತೊಳೀತಿದ್ದೆ ನಾಗವೇಣಿ?” ಎಂದೆ.

“ಮನೇಲಿ ಕುಂಕುಡುಕಾಯಿ ನೆನೆಸ್ಕೊಂಡ್ ತರ್ತಿದ್ದೆ ಅಕ್ಕ. ಮೇಕೆ ಕೂದ್ಲೂ ಕೂದ್ಲೇ ಅಲ್ವಾ, ಸೋಪು ಹಾಕಿದ್ರೆ ಒರಟಾಗ್ತದೆ. ಒಂದೇ ಸಲ ಜಾಲಿಸ್ತಿದ್ದೆ. ಚೂರು ನೊರೆ ಉಳ್ದಿರ್ತಿತ್ತು, ಮೆತ್ತಗಿರ್ತದೆ ಅಂತ. ಅದ್ರಿಂದಾನೇ ಎಲ್ಲಾ ಕೆಟ್ಟೋಯ್ತು ಬಿಡಿ” ಎಂದಳು.

ಅವಳ ಮುಖ ನೋಡಲಾಗಲಿಲ್ಲ. ಅವಳ ಚೀಲದಲ್ಲಿ ಉಳಿದಿದ್ದ ನಾಲ್ಕು ಕಾಯಿ ಇಸಿದುಕೊಂಡು ಬಂದು, ನೆನೆಸಿ, ಕಿವುಚಿ, ಒಂದು ಬುರುಸನ್ನು ಅದರಲ್ಲಿ ತೊಳೆದು ಒಂದೇ ಸಲ ಜಾಲಿಸಿ ಬಳಿದೆ. ಒಂದು ಕಣ್ಣೂ ಬಿಡಲಿಲ್ಲ. ಇಷ್ಟು ವರ್ಷ ನನ್ನ ಬುರುಸಿನ ಮಹಿಮೆ ಎಂದು ನಾನು ಹೇಳಿಕೊಂಡು ಮೆರೆದದ್ದರಲ್ಲಿ ಅರ್ಧ ನಾಗವೇಣಿಯ ಅಂಟುವಾಳದ್ದು. ಕೂತು ಅಳಬೇಕು ಅನ್ನಿಸಿತು, ಆದರೆ ಹಾಳೆಗಳು ಕಾದಿದ್ದವು. ದೊಡ್ಡ ಸಾಹೇಬರು ಬರುವ ಹೊತ್ತಿಗೆ ಎಲ್ಲ ಹಾಳೆಗಳನ್ನೂ ಮತ್ತೆ ಬಳಿದು ಮುಗಿಸಿದೆವು. ಏನು ಮಾಡಿದೆ ಎಂದು ಯಾರಿಗೂ ಹೇಳಿರಲಿಲ್ಲ. ಹೇಳದೆಯೇ ಇದ್ದುಬಿಡಬಹುದು ಎಂಬ ಯೋಚನೆಯೂ ಬಂದಿತ್ತು, ಸುಳ್ಳೇಕೆ ಹೇಳಲಿ.

ಸಾಹೇಬರು ಹಾಳೆಯನ್ನು ಓರೆಯಾಗಿ ಹಿಡಿದು ನೋಡಿದರು. “ಯಂತ್ರಕ್ಕಿಂತ ಚೆನ್ನಾಗಿದೆಯಲ್ರೀ. ಯಾವ ಬ್ರಷ್ಷು?” ಎಂದರು.

“ಮುನಿರತ್ನ ಬ್ರಷ್ ಸಾರ್. ಈಯಮ್ಮನೇ ಕಟ್ಟಿದ್ದು” ಎಂದು ವರದನ್ ಸಾರ್ ನನ್ನನ್ನು ಮುಂದಕ್ಕೆ ಕರೆದರು.

ನನ್ನ ಇಡೀ ನೌಕರಿಯಲ್ಲಿ ನಾನು ಕಾದಿದ್ದದ್ದು ಆ ಗಳಿಗೆಗೇ. ಬಾಯಿ ತೆರೆದಾಗ ಬಂದದ್ದು ಬೇರೆ ಮಾತು.

“ಬುರುಸು ಕಟ್ಟಿದ್ದು ನಾನು ಸಾರ್. ಅದಕ್ಕೆ ಕುಂಕುಮ ಇಟ್ಟು ಹಾಳೆ ಕೆಡಿಸಿದ್ದೂ ನಾನೇ. ನಾಗವೇಣಿ ಅವತ್ತು ಹೇಳಿದ್ದು ಕುಂಕುಮ ಅಲ್ಲ, ಕುಂಕುಡು. ಅಂಟುವಾಳದ ಕಾಯಿ. ಅದ್ರಲ್ಲಿ ತೊಳೆದ್ರೇನೇ ಈ ಬುರುಸು ಬುರುಸು, ಇಲ್ಲಾಂದ್ರೆ ಮೇಕೆ ಕೂದ್ಲು. ನಂಗೆ ಅವತ್ತೇ ಸರಿಯಾಗಿ ಕೇಳಿಸಿತ್ತು ಸಾರ್. ಸುಮ್ನೆ ನಿಂತಿದ್ದೆ.”

ವರದನ್ ಸಾರ್ ಯಾವ ಭಾಷೆಯಲ್ಲೂ ಮಾತಾಡಲಿಲ್ಲ. ಸಾಹೇಬರೇ, ಅಂಟುವಾಳದ ನೊರೆಯ ಸತ್ವದಂಥದ್ದನ್ನು ದೊಡ್ಡ ಕಂಪನಿಗಳವರು ಮದ್ದಿಗೇ ಬೆರೆಸುತ್ತಾರೆ, ಅದು ಮದ್ದು ಸಮವಾಗಿ ಹರಡುವಂತೆ ಮಾಡುತ್ತದೆ ಎಂದು ವಿವರಿಸಿದರು. ಕೋಣೆ ಉಳಿಯಿತು. ನನಗೆ ಒಂದು ಎಚ್ಚರಿಕೆಯ ಕಾಗದ ಬಂತು, ತೆಗೆದುಕೊಂಡೆ. ಮಾರನೆಯ ದಿನ ಕೋಣೆಯ ಬಾಗಿಲಿಗೆ ವರದನ್ ಸಾರ್ ಮೂರು ಲಿಪಿಯಲ್ಲಿ ಬರೆಸಿ ಹಾಕಿದರು: ‘ಕುಂಕುಮ ಬೇಡ, ಕುಂಕುಡು ಬೇಕು.’

ನಾಗವೇಣಿಯನ್ನು ಕರೆಯಲು ನಾನೇ ಹೋದೆ. ಎಲ್ಲವನ್ನೂ ಹೇಳಿದೆ. ಅವಳು ರಟ್ಟಿಗೆ ಅಂಟಿಸುತ್ತಿದ್ದ ಚೀಟಿಯನ್ನು ಪೂರ್ತಿ ಅಂಟಿಸಿ ಮುಗಿಸಿದಳು.

“ನಿಮಗೆ ತೆಲುಗು ಬರ್ತದಲ್ಲಾ ಅಕ್ಕ?” ಎಂದಳು.

“ಬರ್ತದೆ.”

“ಅವತ್ತೊಂದಿನ ಬರ್ಲಿಲ್ಲ.”

ಇನ್ನೊಂದು ಚೀಟಿಗೆ ಅಂಟು ಸವರುತ್ತ ಅವಳೇ ಹೇಳಿದಳು: “ತೊಳೆಯಾಕೆ ಬರಲ್ಲ. ಬಳಿಯಾಕಾದ್ರೆ ಬತ್ತೀನಿ.”

ವರದನ್ ಸಾರ್ ಒಪ್ಪಿದರು. ತಿಂಗಳ ಕೊನೆಗೆ ಅವಳ ಕೆಲಸ ಕಾಯಂ ಆಯಿತು. ಬಳಿಯುವುದನ್ನು ನಾನೇ ಕಲಿಸಿದೆ. ಮೊದಲ ಹಾಳೆ ಬಳಿಯುವ ದಿನ ಅವಳಿಗಾಗಿಯೇ ಒಂದು ಹೊಸ ಬುರುಸು ಕಟ್ಟಿಕೊಂಡು ಹೋದೆ. ಮೂರು ಸಂಜೆ ಕೂತು, ಒಂದೊಂದು ಕೂದಲೂ ಆರಿಸಿ ಕಟ್ಟಿದ್ದು. ಒಳಗೊಳಗೆ ಅದು ನನ್ನ ತಪ್ಪೊಪ್ಪಿಗೆ. ತೆಗೆದುಕೊಂಡು ಕಣ್ಣಿಗೊತ್ತಿಕೊಳ್ಳುತ್ತಾಳೆ ಎಂದುಕೊಂಡಿದ್ದೆ.

ಅವಳು ಕೂದಲನ್ನು ಚಿವುಟಿ ಎಳೆದಳು. ಕೆನ್ನೆಗೆ ಸವರಿದಳು. ನೀರಿಗೆ ಅದ್ದಿ ಕೊಡವಿ ಕೆಂಪು ದೀಪಕ್ಕೆ ಹಿಡಿದು ನೋಡಿದಳು. ಆಮೇಲೆ ಅದನ್ನು ತಿರುಗಿ ನನ್ನ ಕೈಗಿಟ್ಟಳು.

“ಇದು ಬ್ಯಾಡ ಅಕ್ಕ. ಬಲಗಡೆ ಎರಡು ಎಳೆ ಸಡಿಲ ಐತೆ. ಇನ್ನೊಂದು ಕಟ್ಟಿ ಕೊಡಿ” ಎಂದಳು.

ಎಳೆದು ನೋಡಿದೆ. ಎರಡು ಎಳೆ ಕೈಗೆ ಬಂದವು.

ನಾನು ಇನ್ನೊಂದು ಕಟ್ಟಿಕೊಟ್ಟೆ.